ನಸ್ರಾ ಟೀಚರ್ ನೋಡದೆ ಬಿಟ್ಟ ಸ್ಟೆಪ್ನಿ

ನಮ್ಮ ಊರಾದ ಆದಮ್‌ನಿಂದ ಶಾಲೆಗೆ ತೊಂಬತ್ತೆರಡು ಕಿಲೋಮೀಟರು. ನಡುವೆ ಒಂದು ಪೆಟ್ರೋಲ್ ಬಂಕು, ಒಂದು ಚೆಕ್‌ಪೋಸ್ಟು, ಮಿಕ್ಕಿದ್ದೆಲ್ಲ ಬಯಲು. ಎಂಟು ವರ್ಷ ನಾನು ಆ ದಾರಿಯನ್ನು ನಸ್ರಾಳ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಸವೆಸಿದ್ದೇನೆ.

ಬೆಳಗಿನ ನಮಾಜು ಮುಗಿಸಿ, ಫ್ಲಾಸ್ಕಿಗೆ ಚಹಾ ತುಂಬಿಕೊಂಡು ಅವಳ ಮನೆಗೆ ಹೋಗುವ ಹೊತ್ತಿಗೆ ಅವಳು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿರುತ್ತಿದ್ದಳು. ನಾಲ್ಕು ಟೈರನ್ನೂ ನೋಡುವುದು, ಕೆಳಗೆ ನೆಲದ ಮೇಲೆ ಎಣ್ಣೆಯೋ ನೀರೋ ತೊಟ್ಟಿಕ್ಕಿದೆಯಾ ಎಂದು ಬಗ್ಗುವುದು ದಿನದ ಕೆಲಸ. ವಾರದ ಮೊದಲ ದಿನವಾದ ಶನಿವಾರ ಮಾತ್ರ ನೆಲಕ್ಕೆ ಒಂದು ಮೊಣಕಾಲೂರಿ, ಅಬಾಯಾದ ತೋಳು ಮೇಲಕ್ಕೆ ಸುತ್ತಿ, ಒಂದೊಂದು ಟೈರಿಗೂ ಗಾಳಿ ಮೀಟರು ಒತ್ತಿ ನೋಡುತ್ತಿದ್ದಳು. ಆ ಮೀಟರು ಅವಳ ಕೈಚೀಲದಲ್ಲಿ ಸೀಮೆಸುಣ್ಣದ ಪೆಟ್ಟಿಗೆಯ ಜೊತೆ ಇರುತ್ತಿತ್ತು.

"ದೇವರ ಹೆಸರು ಹೇಳಿ ಹೊರಡೋದು ಬಿಟ್ಟು ಟೈರಿಗೆ ಸಲಾಂ ಹೊಡೀತಾ ಕೂತಿದೀಯಲ್ಲೇ," ಎಂದು ನಾನು ಛೇಡಿಸುತ್ತಿದ್ದೆ.

"ದೇವರ ಹೆಸರು ಹೇಳಿ ಆಯ್ತು ಕಣೇ. ಅವನ ಮೇಲೆ ಭಾರ ಹಾಕೋ ಮುಂಚೆ ಒಂಟೆ ಕಾಲಿಗೆ ಹಗ್ಗ ಕಟ್ಟೋದು ನನ್ ಕೆಲಸ, ಅವನದ್ದಲ್ಲ. ನೀನು ಚಹಾ ಚೆಲ್ಲದ ಹಾಗೆ ಕೂತ್ಕೋ."

ನನಗೆ ಹಾಗೆ ಛೇಡಿಸುವ ಹಕ್ಕು ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ನಾನು ಆ ಶಾಲೆಗೆ ಗಣಿತ ಹೇಳಿಕೊಡಲು ಬಂದದ್ದೇ ಸತ್ತ ಒಬ್ಬ ಟೀಚರ ಜಾಗಕ್ಕೆ.

ಅದು ಎರಡು ಸಾವಿರದ ಏಳರ ಮಾತು. ಆಗ ಏಳು ಜನ ಟೀಚರುಗಳು ಹಮೂದ್ ಎಂಬವನ ವ್ಯಾನಿನಲ್ಲಿ ಶಾಲೆಗೆ ಹೋಗುತ್ತಿದ್ದರು. ಹಮೂದ್ ಒಳ್ಳೆಯವನು, ಹಾರ್ನ್ ಹೊಡೆಯದೆ ಪ್ರತಿ ಮನೆಯ ಮುಂದೆ ಕಾಯುತ್ತಿದ್ದ. ಒಂದು ಶುಕ್ರವಾರ ಮಕ್ಕಳನ್ನು ಮರಳುಗುಡ್ಡಕ್ಕೆ ಕರೆದೊಯ್ದಿದ್ದ. ಮರಳಿನಲ್ಲಿ ಹೂತುಹೋಗದಿರಲೆಂದು ಎಲ್ಲರೂ ಮಾಡುವ ಹಾಗೆ ಟೈರಿನ ಗಾಳಿ ಅರ್ಧಕ್ಕೆ ಇಳಿಸಿದ. ವಾಪಸು ಬಂದಾಗ ಪಂಚರ್ ಅಂಗಡಿ ಮುಚ್ಚಿತ್ತು. ನಾಳೆ ತುಂಬಿಸಿದರಾಯಿತು ಎಂದುಕೊಂಡ. ಶನಿವಾರ ಬೆಳಿಗ್ಗೆ ಟೀಚರುಗಳನ್ನು ಹತ್ತಿಸಿಕೊಂಡು ನೂರಿಪ್ಪತ್ತರಲ್ಲಿ ಹೋದ. ಗಾಳಿ ಕಡಿಮೆಯಾದ ಟೈರು ನುಲಿದು ನುಲಿದು ಬಿಸಿಯಾಗಿ ಐವತ್ತನೆಯ ಕಿಲೋಮೀಟರಿನಲ್ಲಿ ಒಡೆಯಿತು. ವ್ಯಾನು ಮೂರು ಪಲ್ಟಿ ಹೊಡೆಯಿತು. ಹಮೂದ್, ಇಬ್ಬರು ಟೀಚರುಗಳು ಸ್ಥಳದಲ್ಲೇ ಹೋದರು. ಅರಬ್ಬಿ ವ್ಯಾಕರಣದ ಟೀಚರ್ ನಸ್ರಾಳ ತೊಡೆಮೂಳೆ ಮುರಿಯಿತು.

ಅವಳು ನಾಲ್ಕು ತಿಂಗಳು ಹಾಸಿಗೆಯಲ್ಲಿದ್ದಳು. ಆ ಟೈರಿನ ವಿಷಯವನ್ನು ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸಿನವನೇ ಹೇಳಿದ್ದು. ಎಷ್ಟೋ ವರ್ಷದ ಮೇಲೆ ಒಂದು ಸಲ ನನಗೆ ಹೇಳಿದಳು:

"ನಾನು ಹತ್ತೋ ಬಾಗಿಲ ಪಕ್ಕಾನೇ ಆ ಟೈರು ಇದ್ದಿದ್ದು. ಅಡಿಯಲ್ಲಿ ಅಗಲವಾಗಿ ಹರಡ್ಕೊಂಡು ಕೂತಿತ್ತು. ಕಣ್ಣಿಗೆ ಬಿತ್ತು. ಇದೇನಿದು ಹೀಗಿದೆ ಅನ್ನಿಸ್ತು. ಗಂಡಸರ ವಿಷಯ, ನನಗ್ಯಾಕೆ ಅಂತ ಹತ್ತಿ ಕೂತೆ."

ಅವಳ ಗಂಡ ಮುಸಲ್ಲಮ್ ಪುರಸಭೆಯ ನೀರಿನ ವಿಭಾಗದಲ್ಲಿದ್ದ. ಮೆತ್ತಗಿನ ಮನುಷ್ಯ, ಯಾರಿಗೂ ಇಲ್ಲ ಎನ್ನಲಾರ. ಅವನು ಆ ದಿನಗಳಲ್ಲಿ, "ಸಾಕು ನಸ್ರಾ, ಕೆಲಸ ಬಿಡು. ನನ್ನ ಸಂಬಳದಲ್ಲಿ ಹೊಟ್ಟೆ ತುಂಬುತ್ತೆ," ಎಂದನಂತೆ.

"ಹೊಟ್ಟೆ ತುಂಬುತ್ತೆ. ಆ ಹೆಣ್ಮಕ್ಕಳಿಗೆ ಕರ್ತೃ ಯಾವುದು ಕರ್ಮ ಯಾವುದು ಅಂತ ಹೇಳೋರ್ಯಾರು? ಶಾಲೆಗೆ ಹೋಗ್ತೀನಿ. ಇನ್ನೊಬ್ಬರ ಗಾಡಿ ಮಾತ್ರ ಹತ್ತಲ್ಲ."

ಮೂವತ್ತೆಂಟನೆಯ ವಯಸ್ಸಿನಲ್ಲಿ, ಮಡಚದ ಕಾಲಿಟ್ಟುಕೊಂಡು ಅವಳು ಡ್ರೈವಿಂಗ್ ಕಲಿಯಲು ಹೋದಳು. ಡ್ರಮ್ಮುಗಳ ನಡುವೆ ಹಿಂದಕ್ಕೆ ಗಾಡಿ ತೆಗೆಯುವ ಪರೀಕ್ಷೆಯಲ್ಲಿ ಮೂರು ಸಲ ಡ್ರಮ್ಮು ಉರುಳಿಸಿದಳು. ನಾಲ್ಕನೆಯ ಸಲ ಪಾಸಾದಾಗ ಪರೀಕ್ಷೆ ಮಾಡಿದ ಅಧಿಕಾರಿಯೇ ಅವಳಿಗಿಂತ ಜೋರಾಗಿ "ದೇವರು ದೊಡ್ಡವನು" ಎಂದನಂತೆ.

ಆಮೇಲೆ ಬಂದದ್ದು ಆ ಬಿಳಿ ಕಾರು, ಸೆಕೆಂಡ್ ಹ್ಯಾಂಡು. ಮುಂದಿನ ಡ್ರಾಯರಿನಲ್ಲಿ ಕಂಪನಿ ಕೊಟ್ಟ ಅರಬ್ಬಿ ಕೈಪಿಡಿ ಪ್ಲಾಸ್ಟಿಕ್ ಕೂಡ ಹರಿಯದೆ ಹಾಗೆಯೇ ಇತ್ತು. ನಮ್ಮ ಊರಿನಲ್ಲಿ ಆ ಪುಸ್ತಕವನ್ನು ಓದಿದವರು ಯಾರೂ ಇರಲಿಲ್ಲ. ನಸ್ರಾ ಮೊದಲ ಪುಟದಿಂದ ಕೊನೆಯವರೆಗೆ ಓದಿದಳು. ಕೈಯಲ್ಲಿ ಕೆಂಪು ಪೆನ್ನು ಬೇರೆ. ತರ್ಜುಮೆ ಮಾಡಿದವನು ವಿಭಕ್ತಿ ತಪ್ಪಿದ ಕಡೆಯೆಲ್ಲ ತಿದ್ದಿದಳು. ರೇಡಿಯೇಟರಿನ ಪುಟದಲ್ಲಿ ಹನ್ನೊಂದು ತಪ್ಪು ಸಿಕ್ಕಿತು ಎಂದು ಒಂದು ವಾರ ನಗುತ್ತಿದ್ದಳು. ಆದರೆ ಬಿಸಿಯಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬಾರದು ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಲು ದಾದ್ ಕರೀಮನ ಪಂಚರ್ ಅಂಗಡಿಗೆ ಹೋಗುತ್ತಿದ್ದಳು. ದಾದ್ ಕರೀಮ್ ಬಲೂಚಿ, ಮೂವತ್ತು ವರ್ಷದಿಂದ ನಮ್ಮ ಊರಿನವನೇ ಆಗಿಹೋಗಿದ್ದ. ಮೊದಮೊದಲು ಅವನಿಗೆ ಇವಳನ್ನು ಕಂಡರೆ ತಮಾಷೆ.

"ಏನ್ ಟೀಚರಮ್ಮಾ, ಟೈರಿಗೂ ಪಾಠ ಹೇಳೋಕ್ ಬಂದ್ರಾ?"

"ಹೇಳೋಕಲ್ಲ, ಕಲಿಯೋಕೆ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಗಾಳಿ ಮೂವತ್ತೆರಡು ಅಂತಿದೆ. ನೀನು ನಿನ್ನೆ ಮಧ್ಯಾಹ್ನ ತುಂಬಿದಾಗ ಮೂವತ್ತೆರಡೇ ಇತ್ತು. ಇವತ್ತು ಬೆಳಿಗ್ಗೆ ಇಪ್ಪತ್ತೇಳು ತೋರಿಸ್ತಿದೆ. ಐದು ಎಲ್ಲಿ ಹೋಯ್ತು?"

ಅವನು ನಗು ನಿಲ್ಲಿಸಿ ಒಂದು ಡಬ್ಬ ಎಳೆದು ಅವಳಿಗೆ ಕೂರಲು ಕೊಟ್ಟ. "ಓಡಿ ಬಂದ ಟೈರು ಸುಳ್ಳು ಹೇಳುತ್ತೆ ಟೀಚರಮ್ಮಾ. ಬಿಸಿಗೆ ಒಳಗಿನ ಗಾಳಿ ಉಬ್ಬಿರುತ್ತೆ. ಬೆಳಿಗ್ಗೆ, ಗಾಡಿ ತಣ್ಣಗಿರೋವಾಗ ಅಳೀಬೇಕು. ಇದನ್ನ ಇಷ್ಟು ವರ್ಷದಲ್ಲಿ ಕೇಳಿದೋರು ನೀವೊಬ್ರೇ."

ಟೈರಿನ ವಯಸ್ಸು ನೋಡುವುದನ್ನೂ ಅವನೇ ಕಲಿಸಿದ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರಗಳ ಒಂದು ಸಾಲು ಇರುತ್ತದೆ. ಅದರ ಕೊನೆಗೆ ನಾಲ್ಕು ಅಂಕಿ. ಮೊದಲೆರಡು ವಾರ, ಆಮೇಲಿನೆರಡು ವರ್ಷ. "ನಮ್ಮ ಬಿಸಿಲಲ್ಲಿ ಐದು ವರ್ಷ ಆದ್ಮೇಲೆ ನಾನಂತೂ ನಂಬಲ್ಲ. ಮೇಲೆ ಗೀರು ಆಳವಾಗಿದ್ರೂ ಅಷ್ಟೇ, ಒಳಗೆ ರಬ್ಬರು ಒಣಗಿ ಹಪ್ಪಳ ಆಗಿರುತ್ತೆ," ಎಂದ. ಅಂದಿನಿಂದ ನಸ್ರಾ ಯಾರ ಮನೆಗೆ ಊಟಕ್ಕೆ ಹೋದರೂ ಒಳಗೆ ಹೋಗುವ ಮೊದಲು ಅವರ ಗಾಡಿಯ ಟೈರಿನ ಹತ್ತಿರ ಬಗ್ಗುತ್ತಿದ್ದಳು. ಇದು ಕೆಲವರಿಗೆ ಇರುಸುಮುರುಸಾಗುತ್ತಿತ್ತು.

ಹಾಗೆ ಇರುಸುಮುರುಸಾದವರಲ್ಲಿ ಮುಸಲ್ಲಮನ ಅಣ್ಣ ಖಲ್ಫಾನ್ ಒಬ್ಬ. ಎರಡು ಸಾವಿರದ ಹತ್ತರ ಹಬ್ಬದಲ್ಲಿ ಎಲ್ಲರೂ ಅವನ ಮನೆಯಲ್ಲಿ ಕೂತಿದ್ದಾಗ, ಅವನು ತನ್ನ ಗೋದಾಮಿನಲ್ಲಿದ್ದ ನಾಲ್ಕು ಟೈರು ತೋರಿಸಿ, "ಒಂದು ದಿನವೂ ರಸ್ತೆ ಕಂಡಿಲ್ಲ. ಮೇಲಿನ ಕಾಗದ ಹಾಗೇ ಇದೆ. ನಿನ್ನ ಕಾರಿಗೆ ಸರಿಯಾದ ಸೈಜು. ತಗೊಂಡ್ಹೋಗು," ಎಂದ. ಪ್ರೀತಿಯಿಂದಲೇ ಹೇಳಿದ್ದು. ನಸ್ರಾ ಬಗ್ಗಿ ಅಂಕಿ ಓದಿದಳು.

"ಭಾವಾ, ಇವು ಎಂಟು ವರ್ಷದ ಹಿಂದಿನವು. ಬೇಡ."

"ಎಂಟು ವರ್ಷ ಮಲಗಿದ್ದವು ಕಣಮ್ಮ, ಓಡಿಲ್ಲ."

"ಮಲಗಿದ್ರೂ ವಯಸ್ಸಾಗುತ್ತೆ ಭಾವಾ. ನಮಗೂ ಆಗಲ್ವಾ?"

ಕೂತಿದ್ದವರು ನಕ್ಕರು. ಖಲ್ಫಾನ್ ನಗಲಿಲ್ಲ. "ನಿನ್ ಹೆಂಡ್ತಿ ಪಂಚರ್ ಅಂಗಡೀಲಿ ಕೂತು ಕೂತು ದೊಡ್ಡ ಮೇಸ್ತ್ರಿ ಆಗ್ಬಿಟ್ಟಿದಾಳೆ. ಅಣ್ಣನ ಮನೆ ಸಾಮಾನು ಅವಳಿಗೆ ಕಣ್ಣಿಗೇ ಹತ್ತಲ್ಲ," ಎಂದು ಮುಸಲ್ಲಮನಿಗೆ ಹೇಳಿ ಎದ್ದುಹೋದ. ಮುಸಲ್ಲಮ್ ತಲೆ ತಗ್ಗಿಸಿ ಖರ್ಜೂರದ ಬೀಜ ಎಣಿಸುತ್ತಿದ್ದ. ಅಲ್ಲಿಗೆ ಆ ಮಾತು ಮುಗಿಯಿತು ಎಂದು ನಾವು ತಿಳಿದುಕೊಂಡೆವು.

ಮುಂದಿನ ಜೂನ್ ತಿಂಗಳು. ಪರೀಕ್ಷೆಯ ಕೊನೆಯ ದಿನ. ಕಾರಿನಲ್ಲಿ ನಾವು ಮೂರೇ ಜನ: ನಸ್ರಾ, ನಾನು, ಮತ್ತು ಒಂದನೆಯ ತರಗತಿಯ ಟೀಚರ್ ಗಾಲಿಯಾ. ಗಾಲಿಯಾಳಿಗೆ ಇಪ್ಪತ್ತಾರು ವರ್ಷ, ಚೊಚ್ಚಲು, ಏಳು ತಿಂಗಳು ತುಂಬಿತ್ತು. ಹನ್ನೊಂದೂವರೆಗೆ ಶಾಲೆ ಬಿಟ್ಟೆವು. ಹೊರಗೆ ನಲವತ್ತಾರು ಡಿಗ್ರಿ. ನನ್ನ ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು.

ಇಪ್ಪತ್ತು ಕಿಲೋಮೀಟರು ದಾಟಿರಬೇಕು. ಎದುರಿನಿಂದ ಕಬ್ಬಿಣದ ಪೈಪು ಹೊತ್ತ ಲಾರಿಗಳು ಸಾಲಾಗಿ ಹೋದವು. ಸ್ವಲ್ಪ ಹೊತ್ತಿಗೆ ಕಾರಿನ ಹಿಂಭಾಗ ಮೆಲ್ಲಗೆ ತೂಗಿದ ಹಾಗಾಯಿತು. ನನಗೇನೂ ಗೊತ್ತಾಗಲಿಲ್ಲ. ನಸ್ರಾ ಆಗಲೇ ಆಕ್ಸಿಲರೇಟರಿನಿಂದ ಕಾಲು ಎತ್ತಿದ್ದಳು. ಇಂಡಿಕೇಟರ್ ಹಾಕಿ, ವೇಗ ತಾನೇ ಇಳಿಯಲು ಬಿಟ್ಟು, ಡಾಂಬರಿನಿಂದ ಸಾಕಷ್ಟು ದೂರ ಗಟ್ಟಿ ನೆಲದ ಮೇಲೆ ನಿಲ್ಲಿಸಿದಳು.

"ಹಿಂದಿನ ಎಡಗಡೆ ಹೋಯ್ತು. ರಸ್ತೆ ಕಡೆ ಬಾಗಿಲು ತೆಗೀಬೇಡಿ. ಈ ಕಡೆಯಿಂದ ಇಳೀರಿ. ಗಾಲಿಯಾ, ಕೊಡೆ ಹಿಡ್ಕೊಂಡು ಆಚೆ ಹೋಗಿ ನಿಂತ್ಕೋ."

ಟೈರಿನಲ್ಲಿ ಹೆಬ್ಬೆರಳು ಗಾತ್ರದ ಬೋಲ್ಟು ಚುಚ್ಚಿಕೊಂಡಿತ್ತು. ಅವಳಿಗೆ ಗಾಬರಿಯೇನೂ ಇರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಗಳಿಗೆ ನನ್ನಿಂದ ಕಲ್ಲು ಕೊಡಿಸಿದಳು. ಜಾಕ್ ನೆಲದಲ್ಲಿ ಇಳಿಯದಂತೆ ಅದರ ಕೆಳಗೆ ಒಂದು ಹಲಗೆ ಇಟ್ಟಳು. ಗಾಡಿ ಎತ್ತುವ ಮೊದಲೇ, ಚಕ್ರ ನೆಲಕ್ಕೆ ಕಚ್ಚಿಕೊಂಡಿರುವಾಗಲೇ, ಪಾನಾ ಹಾಕಿ ಅದರ ಮೇಲೆ ತನ್ನ ಒಳ್ಳೆಯ ಕಾಲಲ್ಲಿ ನಿಂತು ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿದಳು.

ಅಷ್ಟರಲ್ಲಿ ನೀರಿನ ಟ್ಯಾಂಕರೊಂದು ಬಂದು ನಿಂತಿತು. ಓಡಿಸುತ್ತಿದ್ದವನು ಬಖೀತ್ ಎಂಬ ಮುದುಕ, ದಕ್ಷಿಣದ ಕಡೆಯವನು. "ಸರೀರಿ ತಾಯಿ, ನಾನ್ ಮಾಡ್ತೀನಿ," ಎಂದ.

"ಬೇಡ ಅಪ್ಪಾ. ನಿನ್ನ ಗಾಡಿ ನಮ್ಮ ಹಿಂದೆ ಅಡ್ಡ ನಿಲ್ಸು, ನಾಲ್ಕೂ ಇಂಡಿಕೇಟರ್ ಹಾಕು. ಅದೇ ದೊಡ್ಡ ಉಪಕಾರ."

ಅವಳು ಡಿಕ್ಕಿ ತೆರೆದಳು. ನೀರಿನ ಕ್ಯಾನುಗಳು, ಈರುಳ್ಳಿ ಚೀಲ, ಅದರಡಿಯ ಚಾಪೆ ಎಲ್ಲ ತೆಗೆದು ಸ್ಟೆಪ್ನಿ ಹೊರಗೆಳೆದಳು. ಗೀರುಗಳು ಆಳವಾಗಿ ಅಂಚು ಹಾಗೆಯೇ ಇತ್ತು, ಥಳಥಳ ಹೊಸದು. ಅವಳು ಅದನ್ನು ನೆಲದ ಮೇಲೆ ನಿಲ್ಲಿಸಿ ಒಂದು ಸುತ್ತು ಉರುಳಿಸಿದಳು. ಹೆಬ್ಬೆರಳಿನಿಂದ ಪಕ್ಕದ ರಬ್ಬರು ಸವರಿದಳು. ಅಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಆಮೇಲೆ ಬಗ್ಗಿ ಅಂಕಿ ಓದಿದಳು.

"ಇದು ನನ್ನ ಸ್ಟೆಪ್ನಿ ಅಲ್ಲ," ಎಂದಳು.

ನಾನೂ ಬಗ್ಗಿದೆ. ಮೂರು, ಒಂದು, ಸೊನ್ನೆ, ಎರಡು. ಎರಡು ಸಾವಿರದ ಎರಡರ ಮೂವತ್ತೊಂದನೆಯ ವಾರ. ಒಂಬತ್ತು ವರ್ಷ. ನಾವಿಬ್ಬರೂ ಮುಖ ನೋಡಿಕೊಂಡೆವು. ಯಾರ ಗೋದಾಮಿನ ಟೈರು ಎಂದು ಇಬ್ಬರಿಗೂ ಗೊತ್ತಾಯಿತು.

ಬಖೀತ್ ಹತ್ತಿರ ಬಂದು ನೋಡಿದ. "ಚಿನ್ನದಂಥ ಟೈರಿದೆಯಲ್ಲ ತಾಯಿ. ಹಾಕ್ಕೊಂಡು ನೂರರಲ್ಲಿ ಹೊಡೀರಿ."

"ಹೊಸದರ ಹಾಗಿದೆ ಅಪ್ಪಾ, ಹೊಸದಲ್ಲ."

ಫೋನಿಗೆ ಸಿಗ್ನಲ್ ಇರಲಿಲ್ಲ. ಚೆಕ್‌ಪೋಸ್ಟು ಇನ್ನೂ ಮೂವತ್ತೆಂಟು ಕಿಲೋಮೀಟರು. ಕೊಡೆಯ ಕೆಳಗೆ ಗಾಲಿಯಾ ಬೆವರುತ್ತ ನಿಂತಿದ್ದಳು, ತುಟಿ ಬಿಳಚಿತ್ತು. ನಸ್ರಾ ಅವಳನ್ನೂ ನನ್ನನ್ನೂ ಟ್ಯಾಂಕರಿನಲ್ಲಿ ಕಳಿಸಲು ನೋಡಿದಳು. ಗಾಲಿಯಾ ಟ್ಯಾಂಕರಿನ ಮೆಟ್ಟಿಲ ಎತ್ತರ ನೋಡಿ, "ಅಕ್ಕಾ, ಈ ಹೊಟ್ಟೆ ಹೊತ್ಕೊಂಡು ಅಲ್ಲಿಗೆ ಹತ್ತೋಕೆ ನನ್ ಕೈಲಾಗಲ್ಲ. ಹತ್ತಿದ್ರೆ ಇಳಿಯೋಕೂ ಆಗಲ್ಲ. ನೀನೇ ಕರ್ಕೊಂಡು ಹೋಗು," ಎಂದಳು.

ನಸ್ರಾ ಒಂದೊಂದೇ ತೀರ್ಮಾನ ಮಾಡಿದಳು. ಸ್ಟೆಪ್ನಿಗೆ ಗಾಳಿ ಮೀಟರು ಒತ್ತಿದಳು. ಗಾಳಿಯೂ ಕಡಿಮೆ ಇತ್ತು. ಬಖೀತನ ಹತ್ತಿರ ಗಾಳಿ ತುಂಬುವ ಯಂತ್ರ ಇದ್ದದ್ದು ಪುಣ್ಯ. ಚೀಟಿಯಲ್ಲಿದ್ದಷ್ಟು ತುಂಬಿಸಿ, ಚಕ್ರ ಹಾಕಿ, ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿದಳು. ನೀರಿನ ಕ್ಯಾನು, ಈರುಳ್ಳಿ, ಪಂಚರಾದ ಚಕ್ರ ಎಲ್ಲ ಟ್ಯಾಂಕರಿಗೆ ಹೋದವು. ಭಾರ ಇಳಿಯಲಿ ಎಂದು. ಗಾಲಿಯಾಳನ್ನು ಮುಂದೆ ಕೂರಿಸಿ ಬೆಲ್ಟನ್ನು ಹೊಟ್ಟೆಯ ಕೆಳಗೆ ಬರುವ ಹಾಗೆ ಹಾಕಿಸಿದಳು.

"ನಾನು ಐವತ್ತರ ಮೇಲೆ ಹೋಗಲ್ಲ. ಅಪ್ಪಾ, ನೀನು ಹಿಂದೆ ದೂರ ಬಿಟ್ಟು ಬಾ. ನೀವಿಬ್ರೂ ಮಾತಾಡ್ಬೇಡಿ. ಸದ್ದು ಬದಲಾದ್ರೆ ನಂಗೆ ಕೇಳಿಸ್ಬೇಕು."

ಆ ಪ್ರಯಾಣದಷ್ಟು ಉದ್ದದ ಪ್ರಯಾಣ ನಾನು ಮಾಡಿಲ್ಲ. ಲಾರಿಗಳು ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋಗುತ್ತಿದ್ದವು. ಸ್ಟೆಪ್ನಿ ಹಾಕಿ ಹೊರಟ ಮೇಲೆ ಇಪ್ಪತ್ತಾರನೆಯ ಕಿಲೋಮೀಟರಿನಲ್ಲಿ, ಕಾರಿನ ಕೆಳಗೆ ಯಾರೋ ಅಂಗೈಯಿಂದ ಬಡಿದ ಹಾಗೆ ತಪ್ ತಪ್ ಎಂದು ಶುರುವಾಯಿತು. ನಸ್ರಾ ಕಾಲು ಎತ್ತಿದಳು. ಬಡಿತ ಜೋರಾಯಿತು, ಆಮೇಲೆ ಒಂದೇ ಏಟಿಗೆ ಢಮಾರ್ ಎಂದಿತು. ಕಾರಿನ ಬಾಲ ಎಡಕ್ಕೆ ಎಳೆಯಿತು. ಗಾಲಿಯಾ ಡ್ಯಾಶ್‌ಬೋರ್ಡ್ ಹಿಡಿದುಕೊಂಡಳು. ನಾನು, "ಬ್ರೇಕ್! ಬ್ರೇಕ್ ಹಾಕೇ!" ಎಂದು ಕಿರುಚಿದೆ.

ಅವಳು ಬ್ರೇಕ್ ಮುಟ್ಟಲಿಲ್ಲ. ಎರಡೂ ಕೈಯಲ್ಲಿ ಸ್ಟೀರಿಂಗನ್ನು ನೇರ ಹಿಡಿದು, ಕಾರು ಬಳಲಿ ಬಳಲಿ ನಿಧಾನವಾಗುವವರೆಗೂ ಹಾಗೆಯೇ ಕೂತಿದ್ದಳು. ನಡಿಗೆಯ ವೇಗಕ್ಕೆ ಬಂದ ಮೇಲೆ ಪಕ್ಕಕ್ಕಿಳಿಸಿ ನಿಲ್ಲಿಸಿದಳು. ನಾನು ತಿರುಗಿ ನೋಡಿದೆ. ಟೈರಿನ ಮೇಲುಪದರ ಇಡಿಯಾಗಿ ಕಿತ್ತು, ಬಿಚ್ಚಿ ಎಸೆದ ಪೇಟದ ಬಟ್ಟೆಯ ಹಾಗೆ ರಸ್ತೆಯ ಮೇಲೆ ಬಿದ್ದಿತ್ತು.

"ಎಲ್ರೂ ಇದೀರಾ?" ಎಂದಳು. ಇದ್ದೆವು. ಗಾಲಿಯಾ ಹೊಟ್ಟೆಯ ಮೇಲೆ ಕೈಯಿಟ್ಟು, "ಒದೀತಿದೆ ಅಕ್ಕಾ," ಎಂದು ಅಳತೊಡಗಿದಳು. ಆಗ ನಸ್ರಾ ಸ್ಟೀರಿಂಗಿನ ಮೇಲೆ ಹಣೆಯಿಟ್ಟಳು.

ಬಖೀತ್ ಮುಂದೆ ಹೋಗಿ ಚೆಕ್‌ಪೋಸ್ಟಿನಿಂದ ಪೊಲೀಸರನ್ನು ಕಳಿಸಿದ. ಗಾಲಿಯಾ ಅವರ ಗಾಡಿಯಲ್ಲಿ ನೇರ ಆಸ್ಪತ್ರೆಗೆ ಹೋದಳು. ತಾಯಿ, ಹೊಟ್ಟೆಯಲ್ಲಿನ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಸಂಜೆ ತಿಳಿಯಿತು. ಪೊಲೀಸರು ಸುದ್ದಿ ಮುಟ್ಟಿಸಿದ ಮೇಲೆ ದಾದ್ ಕರೀಮ್ ತನ್ನ ಪಿಕಪ್ಪಿನಲ್ಲಿ ಬೇರೆ ಟೈರು ತಂದ. ಹರಿದ ಟೈರಿನ ಅಂಕಿ ನೋಡಿ ಅವನು ನಸ್ರಾಳ ಕಡೆ ತಿರುಗಿದ. "ಟೀಚರಮ್ಮಾ, ನೀವಾ?" ಎಂದಷ್ಟೇ ಕೇಳಿದ. ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದ.

ಅವಳ ಮನೆಗೆ ನಾನೂ ಹೋದೆ. ಮುಸಲ್ಲಮ್ ಅಂಗಳದಲ್ಲೇ ನಿಂತಿದ್ದ. ನಸ್ರಾ ಆ ಟೈರನ್ನು ಇಳಿಸಿ ಅವನ ಮುಂದೆ ಹಾಕಿದಳು.

"ಅಣ್ಣ ಬೇಜಾರು ಮಾಡ್ಕೊಂಡಿದ್ದ," ಎಂದ. "ಒಂದಾದ್ರೂ ತಗೋ, ಮರ್ಯಾದೆ ಉಳಿಸು ಅಂದ. ಸ್ಟೆಪ್ನಿ ತಾನೆ, ಓಡೋದಲ್ವಲ್ಲ ಅಂತ ಇಟ್ಟೆ. ನಿನ್ನದು ಒಳಗಿದೆ, ಚೆನ್ನಾಗೇ ಇದೆ. ನಾನು... ನಾನು ನಿಮ್ಮನ್ನೆಲ್ಲ..."

ಅವನು ಮೆಟ್ಟಿಲ ಮೇಲೆ ಕೂತ. ಅವಳು ಈಗ ಅವನ ಚರ್ಮ ಸುಲಿಯುತ್ತಾಳೆ ಎಂದುಕೊಂಡು ನಾನು ಹೊರಡಲು ತಿರುಗಿದೆ. ಅವಳು ಅವನ ಪಕ್ಕದಲ್ಲಿ, ಕಾಲು ಚಾಚಿ, ಕಷ್ಟಪಟ್ಟು ಕೂತಳು.

"ಇಟ್ಟಿದ್ದು ನೀನು. ಅದರ ಮೇಲೆ ಎಂಟು ತಿಂಗಳು ಈರುಳ್ಳಿ ಚೀಲ ಇಟ್ಟಿದ್ದು ನಾನು. ನಾಲ್ಕು ಟೈರು ನೋಡ್ತಿದ್ದೆ, ಐದನೇದು ನೋಡಲಿಲ್ಲ. ಗಾಡಿ ನಂದು, ತಪ್ಪು ನಂದೂ ಹೌದು." ಜೊತೆಗೇ ಸೇರಿಸಿದಳು: "ಆದ್ರೆ ಇನ್ಮೇಲೆ ನಿನ್ನ ಅಣ್ಣನ ಮರ್ಯಾದೇನ ನನ್ನ ಡಿಕ್ಕೀಲಿ ಇಡ್ಬೇಡ."

ಮುಂದಿನ ವಾರ ಸ್ಟಾಫ್ ರೂಮಿನಲ್ಲಿ ಅವಳು ಎದ್ದು ನಿಂತು ಇದನ್ನೆಲ್ಲ ಬಿಡಿಸಿ ಹೇಳಿದಳು, ತನ್ನ ತಪ್ಪನ್ನೂ ಸೇರಿಸಿ. ಭಾವನ ಹೆಸರು ಮಾತ್ರ ಎತ್ತಲಿಲ್ಲ. ಆಗ ನಮ್ಮ ಶಾಲೆಯಲ್ಲಿ ಕಾರಿದ್ದ ಟೀಚರುಗಳು ಐದು ಜನ. ಅವತ್ತೇ ಎಲ್ಲರ ಡಿಕ್ಕಿ ತೆರೆಸಿದಳು. ಎರಡು ಸ್ಟೆಪ್ನಿಗಳಲ್ಲಿ ಗಾಳಿಯೇ ಇರಲಿಲ್ಲ. ಒಂದು ಕಾರಿಗೆ ಜಾಕ್ ಇತ್ತು, ಅದರ ಹಿಡಿ ಇರಲಿಲ್ಲ. ಇನ್ನೊಂದರಲ್ಲಿ ಸ್ಟೆಪ್ನಿಯ ಜಾಗದಲ್ಲಿ ಮಕ್ಕಳ ಹಳೆಯ ಬಟ್ಟೆ ತುಂಬಿತ್ತು. ಆ ಟೀಚರಿಗೆ ತನ್ನ ಕಾರಿನಲ್ಲಿ ಸ್ಟೆಪ್ನಿ ಇಲ್ಲವೆಂಬುದೇ ಗೊತ್ತಿರಲಿಲ್ಲ. ಅಂದಿನಿಂದ ಬುಧವಾರದ ಕೊನೆಯ ಪೀರಿಯಡ್ ಮುಗಿದ ಮೇಲೆ ಅರ್ಧ ಗಂಟೆ ಶಾಲೆಯ ಅಂಗಳದಲ್ಲಿ ಕಾರಿನ ಪಾಠ ನಡೆಯುತ್ತಿತ್ತು. ಎಂಜಿನ್ ಆಯಿಲ್ ನೋಡುವ ಕಡ್ಡಿ ಒರೆಸಿ ಅದ್ದುವುದು, ಬ್ಯಾಟರಿಯ ತುದಿಗೆ ಕಟ್ಟಿದ ಬಿಳಿ ಪುಡಿಯನ್ನು ಬಿಸಿನೀರು ಹಾಕಿ ಉಜ್ಜುವುದು. ಹತ್ತನೆಯ ತರಗತಿಯ ಹುಡುಗಿಯರು ಕಿಟಕಿಯಿಂದ ನೋಡಿ, ಆಮೇಲೆ ಕಿಟಕಿ ಬಿಟ್ಟು ಕೆಳಗೇ ಬಂದು ನಿಲ್ಲತೊಡಗಿದರು.

ಖಲ್ಫಾನ್ ಒಂದು ತಿಂಗಳು ಈ ಕಡೆ ಮುಖ ಹಾಕಲಿಲ್ಲ. ಉಳಿದ ಮೂರು ಟೈರನ್ನು ಅಡ್ಡಡ್ಡ ಸೀಳಿ ಆಡುಗಳಿಗೆ ಮೇವು ಹಾಕುವ ತೊಟ್ಟಿ ಮಾಡಿದ್ದಾನೆಂದು ಮುಸಲ್ಲಮ್ ಬಂದು ಹೇಳಿದ. "ಅದಕ್ಕೆ ಹೇಳಿ ಮಾಡಿಸಿದ ಹಾಗಿವೆ," ಎಂದಳು ನಸ್ರಾ. ಆ ಮಾತು ಖಲ್ಫಾನನ ಕಿವಿಗೂ ಬಿತ್ತು. ಒಂದು ಗುರುವಾರ ಅವನು ಹಲ್ವಾದ ಡಬ್ಬ ಹಿಡಿದು ಬಂದ. ಟೈರಿನ ಮಾತು ಯಾರೂ ತೆಗೆಯಲಿಲ್ಲ. ಹೊರಡುವಾಗ ತನ್ನ ಪಿಕಪ್ಪಿನ ಹತ್ತಿರ ನಿಂತು, ಬೇರೆ ಕಡೆ ನೋಡುತ್ತ, "ನಸ್ರಾ, ಇವೂ ಒಂದ್ಸಲ ಓದ್ಬಿಡಮ್ಮ. ನಂಗೆ ಆ ಸಣ್ಣ ಅಕ್ಷರ ಕಾಣಲ್ಲ," ಎಂದ. ಅವಳು ಬಗ್ಗಿ ಓದಿದಳು. ಎರಡು ಬದಲಿಸಬೇಕಿತ್ತು, ಬದಲಿಸಿದ.

ಆ ದಾರಿಯಲ್ಲಿ ಅವಳು ಇನ್ನೂ ನಾಲ್ಕು ವರ್ಷ ಓಡಿಸಿದಳು. ಆಮೇಲೆ ಊರಿನ ಶಾಲೆಗೇ ವರ್ಗವಾಯಿತು. ಕಾರು ಮಾರುವಾಗ ಕೆಂಪು ತಿದ್ದುಪಡಿಗಳ ಕೈಪಿಡಿಯನ್ನೂ ಕೊಟ್ಟಳು, ಓದುವುದಾಗಿ ಕೊಂಡವನಿಂದ ಮಾತು ತೆಗೆದುಕೊಂಡು. ಅವನು ಓದಿದನೋ ಇಲ್ಲವೋ ಗೊತ್ತಿಲ್ಲ. ಗಾಲಿಯಾಳ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ನಾನು ನಲವತ್ತೆರಡರಲ್ಲಿ ಲೈಸೆನ್ಸ್ ತೆಗೆದುಕೊಂಡೆ, ಎರಡನೆಯ ಸಲಕ್ಕೇ ಪಾಸಾದೆ. ಅದನ್ನು ಅವಳಿಗೆ ಆಗಾಗ ನೆನಪಿಸುತ್ತೇನೆ. ಹೋದ ಚಳಿಗಾಲದಲ್ಲಿ ನಿಜ್ವಾ ರಸ್ತೆಯಲ್ಲಿ ನನ್ನ ಟೈರು ಪಂಚರಾದಾಗ ಇಬ್ಬರು ಹುಡುಗರು ಗಾಡಿ ನಿಲ್ಲಿಸಿ ಓಡಿಬಂದರು. ಅವರಲ್ಲೊಬ್ಬ ನಟ್ಟು ಸಡಿಲಿಸುವ ಮೊದಲೇ ಜಾಕ್ ಎತ್ತಲು ಹೋದ. ನಾನು ಅವನ ಕೈಯಿಂದ ಪಾನಾ ಈಸಿಕೊಂಡು ಪಕ್ಕಕ್ಕೆ ನಿಲ್ಲಲು ಹೇಳಿದೆ.